ಹತ್ತು ಬೈ ಹತ್ತರ ಕೋಣೆಯಲ್ಲಿ ರ‍್ಯಾಪ್: ಪ್ರತಿ ಅಕ್ಷರ ಕೇಳುವ ಹಾಗೆ ರೆಕಾರ್ಡಿಂಗ್, ಮಿಕ್ಸಿಂಗ್

ರ‍್ಯಾಪ್‌ನಲ್ಲಿ ಮಾತು ಕೇಳಬೇಕು. ಮಿಕ್ಕಿದ್ದೆಲ್ಲ ಆಮೇಲೆ. ಭಾವಗೀತೆಯಲ್ಲಿ ಒಂದು ಪದ ಮಸುಕಾದರೂ ರಾಗ ಕೇಳುಗರನ್ನು ಮುಂದಕ್ಕೆ ಕರೆದುಕೊಂಡು ಹೋಗುತ್ತದೆ. ರ‍್ಯಾಪ್‌ನಲ್ಲಿ ಹಾಗಿಲ್ಲ. ಒಂದು ಪದ ತಪ್ಪಿದರೆ ಪ್ರಾಸ ಕೆಡುತ್ತದೆ. ಪ್ರಾಸ ಕೆಟ್ಟರೆ ಸಾಲೇ ಬಿದ್ದುಹೋಗುತ್ತದೆ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಮನೆಯಲ್ಲೇ ಒಂದು ಲ್ಯಾಪ್‌ಟಾಪ್, ಒಂದು ಮೈಕ್ ಇಟ್ಟುಕೊಂಡು ಹಾಡು ಮಾಡುವ ಹುಡುಗ ಹುಡುಗಿಯರು ಈಗ ಕಡಿಮೆ ಇಲ್ಲ. ನಮ್ಮ ಭಾಗದ ಮಾತಿಗೆ ರ‍್ಯಾಪ್ ಚೆನ್ನಾಗಿ ಒಗ್ಗುತ್ತದೆ. ಗೀಗೀ ಪದ, ಲಾವಣಿ, ಸವಾಲು ಜವಾಬಿನ ಹರದೇಶಿ-ನಾಗೇಶಿ ಹಾಡಿಕೆ ಇದ್ದ ನೆಲ ಇದು. ತಾಳದ ಮೇಲೆ ಮಾತು ಕೂರಿಸುವುದು, ಎದುರಾಳಿಗೆ ಪದದಲ್ಲೇ ಉತ್ತರ ಕೊಡುವುದು ಇಲ್ಲಿ ಹೊಸದಲ್ಲ. ಹುಡುಗರ ಬರವಣಿಗೆಯೂ ಗಟ್ಟಿ ಇರುತ್ತದೆ. ರೆಕಾರ್ಡ್ ಆದಮೇಲೆ ಮಾತ್ರ ಅದೇ ಸಾಲು ಎಲ್ಲೋ ದೂರದಿಂದ, ಹಿನ್ನೆಲೆ ಸಂಗೀತವಾದ ಬೀಟ್‌ನ ಹಿಂದಿನಿಂದ ಕೇಳುತ್ತದೆ.

ಆಗ ಬಹಳ ಜನ ಇಂಗ್ಲಿಷ್, ಹಿಂದಿ ವಿಡಿಯೋ ನೋಡಿ ಅಲ್ಲಿನ ನಂಬರುಗಳನ್ನು ಹಾಗೇ ಹಾಕಿಕೊಳ್ಳುತ್ತಾರೆ. ಆ ನಂಬರು ಬೇರೆ ದನಿಗೆ, ಬೇರೆ ಕೋಣೆಗೆ, ಬೇರೆ ಭಾಷೆಗೆ ಹೊಂದಿಸಿದ್ದು. ಅದಕ್ಕೇ ಇಲ್ಲಿ ನಂಬರಿಗಿಂತ ಕಾರಣ ಜಾಸ್ತಿ ಹೇಳುತ್ತೇನೆ. ಕಾರಣ ಗೊತ್ತಾದರೆ ನಿಮ್ಮ ನಂಬರನ್ನು ನೀವೇ ಹುಡುಕಿಕೊಳ್ಳಬಹುದು.

ಮೊದಲು ಕೋಣೆ

ನನಗೆ ಬರುವ ಮೊದಲ ಪ್ರಶ್ನೆ ಯಾವಾಗಲೂ ಇದೇ: "ಅಣ್ಣಾ, ಯಾವ ಮೈಕ್ ತಗೋಬೇಕ್ರಿ?" ನಾನು ತಿರುಗಿ ಕೇಳುವುದು, ಎಲ್ಲಿ ನಿಂತು ಹಾಡುತ್ತೀರಿ ಅಂತ.

ಗೋಳಗುಮ್ಮಟದ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಹೊಡೆದರೆ ಅದು ಮತ್ತೆ ಮತ್ತೆ ಮರಳಿ ಬರುತ್ತದೆ. 1656ರಲ್ಲಿ ಮುಗಿದ ಆ ಕಟ್ಟಡದ ಗುಮ್ಮಟಕ್ಕೆ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಆಚೆ ಗೋಡೆಗೆ ಹೋಗಿ ಬರಲು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಬೇಕು. ಅಷ್ಟು ಅಂತರ ಇದ್ದರೆ ಕಿವಿ ಅದನ್ನು ಬೇರೆ ಶಬ್ದ ಎಂದೇ ಗುರುತಿಸುತ್ತದೆ.

ಮನೆಯ ಕೋಣೆಯಲ್ಲೂ ದನಿ ಗೋಡೆಗೆ ಬಡಿದು ಮರಳುತ್ತದೆ. ಗೋಡೆ ಒಂದು ಮೀಟರ್ ದೂರ ಇದ್ದರೆ ಸುಮಾರು 6 ಮಿಲಿಸೆಕೆಂಡಿನಲ್ಲಿ ಬಂದುಬಿಡುತ್ತದೆ. ಇಷ್ಟು ಬೇಗ ಬಂದದ್ದು ಕಿವಿಗೆ ಬೇರೆಯಾಗಿ ಕೇಳುವುದಿಲ್ಲ. ಆದರೆ ಮೈಕ್‌ನಲ್ಲಿ ನೇರ ದನಿ, ಮರಳಿದ ದನಿ ಎರಡೂ ಬೆರೆತುಹೋಗುತ್ತವೆ. ಕೆಲವು ಫ್ರೀಕ್ವೆನ್ಸಿಯಲ್ಲಿ (ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ, ಅಳತೆ ಹರ್ಟ್ಸ್) ಎರಡು ಅಲೆಗಳು ಒಂದನ್ನೊಂದು ಅಳಿಸುತ್ತವೆ, ಕೆಲವು ಕಡೆ ಸೇರಿ ಉಬ್ಬುತ್ತವೆ. ಒಂದು ಮೀಟರ್ ದೂರದ ಲೆಕ್ಕದಲ್ಲಿ 86, 257, 429 ಹರ್ಟ್ಸ್, ಹೀಗೆ ಸಾಲಾಗಿ ತಗ್ಗು ಬೀಳುತ್ತಾ ಹೋಗುತ್ತವೆ. ಕೇಳಿದಾಗ ಯಾರೋ ಪೆಟ್ಟಿಗೆಯೊಳಗೆ ಕೂತು ಮಾತಾಡಿದ ಹಾಗೆ ಅನ್ನಿಸುತ್ತದೆ. ಇದನ್ನು ಆಮೇಲೆ ಈಕ್ಯೂ (ಬೇರೆ ಬೇರೆ ಫ್ರೀಕ್ವೆನ್ಸಿಯನ್ನು ಏರಿಸುವ, ಇಳಿಸುವ ಸಾಧನ) ಹಾಕಿ ತೆಗೆಯಲು ಆಗುವುದಿಲ್ಲ. ಹಾಡುವಾಗ ತಲೆ ಸ್ವಲ್ಪ ಅಲುಗಿದರೂ ಆ ತಗ್ಗುಗಳ ಜಾಗ ಬದಲಾಗುತ್ತದೆ. ಯಾವುದನ್ನು ಅಂತ ಸರಿಪಡಿಸುತ್ತೀರಿ?

ನಮ್ಮ ಕಡೆ ಕೋಣೆ ಅಂದರೆ ಸಾಮಾನ್ಯವಾಗಿ ಹತ್ತು ಬೈ ಹತ್ತು ಅಡಿ. ಮೇಲೆ ಆರ್‌ಸಿಸಿ, ಸುತ್ತ ಪ್ಲಾಸ್ಟರ್ ಗೋಡೆ, ಕೆಳಗೆ ಶಹಾಬಾದ್ ಕಲ್ಲು ಅಥವಾ ಟೈಲ್ಸ್. ಎಲ್ಲವೂ ದನಿಯನ್ನು ಹಿಂದಕ್ಕೆ ಎಸೆಯುವ ಗಟ್ಟಿ ಮೈ. ಚೌಕ ಕೋಣೆಗೆ ಇನ್ನೊಂದು ತೊಂದರೆ ಇದೆ. ಹತ್ತು ಅಡಿಯ ಎದುರುಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್, ಅದರ ದುಪ್ಪಟ್ಟು 112 ಹರ್ಟ್ಸ್ ಅಲೆಗಳು ಬೇಗ ಇಳಿಯದೆ ನಿಂತುಬಿಡುತ್ತವೆ. ಉದ್ದ, ಅಗಲ ಎರಡೂ ಒಂದೇ ಆದ್ದರಿಂದ ಅದೇ ನಂಬರು ಎರಡು ದಿಕ್ಕಿನಿಂದ ಬಲವಾಗುತ್ತದೆ. ಗಂಡಸರ ದನಿಯ ಮೂಲ ಸ್ವರ ಸಾಮಾನ್ಯವಾಗಿ 85ರಿಂದ 180 ಹರ್ಟ್ಸ್ ಒಳಗೆ ಇರುತ್ತದೆ. 112 ಅದರ ನಡುವೆಯೇ ಬಂತಲ್ವಾ? ಆ ಅಲೆ ಗೋಡೆಗಳ ಹತ್ತಿರ ಮತ್ತು ಕೋಣೆಯ ನಟ್ಟನಡುವೆ ಅತಿ ಜೋರು. ಅದಕ್ಕೇ ಮಧ್ಯದಲ್ಲೂ ನಿಲ್ಲಬೇಡಿ, ಮೂಲೆಯಲ್ಲೂ ನಿಲ್ಲಬೇಡಿ. ಒಂದು ಗೋಡೆಯಿಂದ ಮೂರಡಿ ಬಿಟ್ಟು ನಿಂತು ನೋಡಿ.

ಮೊಟ್ಟೆ ಟ್ರೇ ಅಂಟಿಸುವುದನ್ನು ಬಿಟ್ಟುಬಿಡಿ. ಅದರಿಂದ ಕೋಣೆ ಸುಧಾರಿಸುವುದಿಲ್ಲ. ಒಂದು ಇಂಚಿನ ಫೋಮ್ ಬಗ್ಗೆಯೂ ಎಚ್ಚರ ಇರಲಿ. ಇಂಥ ವಸ್ತು ಚೆನ್ನಾಗಿ ಹೀರಿಕೊಳ್ಳಬೇಕಾದರೆ ಅದರ ದಪ್ಪ ಅಲೆಯ ಉದ್ದದ ಕಾಲು ಭಾಗಕ್ಕೆ ಹತ್ತಿರ ಇರಬೇಕು. ಒಂದು ಇಂಚು ಅಂದರೆ 2.5 ಸೆಂಟಿಮೀಟರ್. ಅದರ ನಾಲ್ಕರಷ್ಟು ಉದ್ದದ ಅಲೆ ಅಂದರೆ ಸುಮಾರು 3,400 ಹರ್ಟ್ಸ್. ಅದಕ್ಕಿಂತ ಕೆಳಗೆ ಫೋಮ್‌ನ ಕೆಲಸ ಕಡಿಮೆಯಾಗುತ್ತಾ ಹೋಗುತ್ತದೆ. ಗೋಡೆ ತುಂಬ ತೆಳು ಫೋಮ್ ಅಂಟಿಸಿದರೆ ದನಿಯ ಹೊಳಪು ಮಾತ್ರ ಹೋಗುತ್ತದೆ, ಗುಂಯ್ ಅನ್ನುವುದು ಹಾಗೇ ಉಳಿಯುತ್ತದೆ.

ಇದಕ್ಕೆ ಉತ್ತರ ನಮ್ಮ ಮನೆಗಳಲ್ಲೇ ಇದೆ. ಅಜ್ಜಿ ಹೊಲಿದ ಕೌದಿ. ಹಳೆ ಸೀರೆ, ಧೋತರ ಪದರ ಪದರವಾಗಿ ಹಾಕಿ ಹೊಲಿದ ಕೌದಿ ದಪ್ಪ ಇರುತ್ತದೆ, ಭಾರ ಇರುತ್ತದೆ, ಗಾಳಿ ಆಡುತ್ತದೆ. ಎರಡು ಮೂರು ಕೌದಿ ಒಂದರ ಮೇಲೊಂದು ಹಾಕಿ ಹಗ್ಗದ ಮೇಲೆ ನೇತುಹಾಕಿ. ಗೋಡೆಗೆ ತಾಗಿಸಬೇಡಿ. ಒಂದು ಗೇಣು ಜಾಗ ಬಿಡಿ. ಗೋಡೆಯ ಮೇಲೆಯೇ ಗಾಳಿಯ ಚಲನೆ ಇರುವುದಿಲ್ಲ, ಸ್ವಲ್ಪ ಈಚೆಗೆ ಇರುತ್ತದೆ. ಬಟ್ಟೆ ಆ ಚಲನೆಯನ್ನು ತಡೆದಾಗಲೇ ದನಿ ಇಳಿಯುವುದು. ಹಾಗಾಗಿ ಅದೇ ಕೌದಿ ಒಂದು ಗೇಣು ಈಚೆ ಬಂದರೆ ಇನ್ನೂ ಕೆಳಗಿನ ಫ್ರೀಕ್ವೆನ್ಸಿವರೆಗೆ ಕೆಲಸ ಮಾಡುತ್ತದೆ. ಹತ್ತಿ ಗಾದಿ ಇದ್ದರೆ ಮಡಚದೆ ಮೂಲೆಗೆ ಅಡ್ಡಲಾಗಿ ನಿಲ್ಲಿಸಿ. ನೆಲಕ್ಕೆ ಜಮಖಾನೆ ಹಾಸಿ.

ಕೌದಿ ಎಲ್ಲಿ ಕಟ್ಟಬೇಕು? ಇಲ್ಲಿ ಬಹಳ ಮಂದಿ ಉಲ್ಟಾ ಮಾಡುತ್ತಾರೆ. ಮೈಕ್‌ನ ಹಿಂದೆ ಕಟ್ಟುತ್ತಾರೆ. ಮನೆಯಲ್ಲಿ ಬಳಸುವ ಹೆಚ್ಚಿನ ಮೈಕ್‌ಗಳು ಕಾರ್ಡಿಯಾಯ್ಡ್. ಮುಂದಿನ ದನಿ ಚೆನ್ನಾಗಿ ಹಿಡಿಯುತ್ತವೆ, ಬೆನ್ನ ಕಡೆಯದನ್ನು ಅತಿ ಕಡಿಮೆ. ಅಂದರೆ ಮೈಕ್ ನೋಡುತ್ತಿರುವುದು ನಿಮ್ಮ ಮುಖವನ್ನು, ನಿಮ್ಮ ಬೆನ್ನ ಹಿಂದಿನ ಗೋಡೆಯನ್ನು. ಮೊದಲ ಕೌದಿ ಹಾಡುವವರ ಬೆನ್ನ ಹಿಂದೆ ಬರಬೇಕು. ಎರಡನೆಯದು ಪಕ್ಕಕ್ಕೆ. ಲ್ಯಾಪ್‌ಟಾಪ್, ಕಿಟಕಿ, ಗದ್ದಲದ ರಸ್ತೆ ಇವೆಲ್ಲ ಮೈಕ್‌ನ ಬೆನ್ನ ಕಡೆ ಇರಲಿ.

ಫ್ಯಾನ್ ಬಂದ್ ಮಾಡಲೇಬೇಕು. ಏಪ್ರಿಲ್, ಮೇನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಮುಚ್ಚಿದ ಕೋಣೆಯಲ್ಲಿ ಮಧ್ಯಾಹ್ನ ವರ್ಸ್ (ಹಾಡಿನಲ್ಲಿ ಮಾತಿನ ಸಾಲುಗಳ ಭಾಗ) ಹೇಳಲು ಸಾಧ್ಯವೇ ಇಲ್ಲ. ನಸುಕಿನಲ್ಲಿ ಎದ್ದು ಮಾಡಿ, ಇಲ್ಲವೇ ಊರು ಮಲಗಿದ ಮೇಲೆ ಮಾಡಿ. ನಸುಕಿನಲ್ಲಿ ಗಂಟಲು ಬಿಗಿ ಇರುತ್ತದೆ. ಸ್ವಲ್ಪ ಹೊತ್ತು ಮಾತಾಡಿ, ಬೆಚ್ಚಗಿನ ನೀರು ಕುಡಿದು ಶುರು ಮಾಡಿ.

ಮೈಕ್ ಮತ್ತು ಒಂದು ಗೇಣು

ಕಂಡೆನ್ಸರ್ ಮೈಕ್ ಸೂಕ್ಷ್ಮ. 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕ್‌ನ ತಂತಿಯಲ್ಲೇ ಬರುವ ಕರೆಂಟು, ಬೇಕು. ದನಿಯ ಮೇಲ್ಭಾಗ ಚೊಕ್ಕವಾಗಿ ಬರುತ್ತದೆ. ಡೈನಮಿಕ್ ಮೈಕ್, ಉದಾಹರಣೆಗೆ 1966ರಿಂದ ಇರುವ ಶೂರ್ ಎಸ್‌ಎಂ58, ಗಟ್ಟಿಮುಟ್ಟು. ಸರಿ ಇಲ್ಲದ ಕೋಣೆಗೆ ಡೈನಮಿಕ್ ಒಳ್ಳೆಯದು ಎಂಬ ಮಾತು ನಿಜ. ಆದರೆ ಅದಕ್ಕೆ ಕಾರಣ ಮೈಕ್‌ನೊಳಗೆ ಏನೋ ವಿಶೇಷ ಇರುವುದಲ್ಲ. ಡೈನಮಿಕ್ ಅನ್ನು ನಾವು ಬಾಯಿಗೆ ಹತ್ತಿರ ಹಿಡಿಯುತ್ತೇವೆ, ಅಷ್ಟೇ. ಬಾಯಿ ಮತ್ತು ಮೈಕ್‌ನ ದೂರ ಅರ್ಧ ಆದರೆ ನೇರ ದನಿ ಸುಮಾರು 6 ಡಿಬಿ (ಡೆಸಿಬೆಲ್, ದನಿಯ ಮಟ್ಟದ ಅಳತೆ) ಏರುತ್ತದೆ. ಗೋಡೆಯಿಂದ ಮರಳುವ ದನಿ ಇದ್ದಷ್ಟೇ ಇರುತ್ತದೆ. ಹತ್ತಿರ ಹೋದಷ್ಟೂ ಕೋಣೆ ಹಿಂದೆ ಸರಿಯುತ್ತದೆ.

ಹಾಗಂತ ಮೈಕ್‌ಗೆ ತುಟಿ ತಾಗಿಸಿದರೆ ಇನ್ನೊಂದು ತೊಂದರೆ. ಒಂದೇ ದಿಕ್ಕಿಗೆ ಕಿವಿ ಕೊಡುವ ಮೈಕ್‌ಗಳಲ್ಲಿ ಹತ್ತಿರ ಹೋದಂತೆ ಕೆಳಗಿನ ಸ್ವರ ಉಬ್ಬುತ್ತದೆ. ದನಿ ಭಾರಿ ಆಯಿತು ಅಂತ ಖುಷಿ ಆಗುತ್ತದೆ, ಆದರೆ 808 ಬೇಸ್ (ಎಲೆಕ್ಟ್ರಾನಿಕ್ ಡ್ರಮ್ ಯಂತ್ರದ ಆಳದ ಸದ್ದು) ಇರುವ ಬೀಟ್ ಜೊತೆ ಸೇರಿದಾಗ ಎಲ್ಲಾ ಕಲಸಿಹೋಗುತ್ತದೆ. ಕಂಡೆನ್ಸರ್ ಆದರೆ ಒಂದು ಗೇಣು, ಡೈನಮಿಕ್ ಆದರೆ ನಾಲ್ಕು ಬೆರಳು. ಇಲ್ಲಿಂದ ಶುರು ಮಾಡಿ. ಮುಖ್ಯ ಏನೆಂದರೆ ಹಾಡು ಮುಗಿಯುವವರೆಗೆ ಆ ದೂರ ಬದಲಾಗಬಾರದು. ನೆಲದ ಮೇಲೆ ಟೇಪ್ ಅಂಟಿಸಿ ಅದರ ಮೇಲೆ ನಿಲ್ಲಿ. ಸ್ಟೇಜಿನ ಅಭ್ಯಾಸದಲ್ಲಿ ಮೈಕ್‌ನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವವರಿದ್ದಾರೆ. ಹಾಗೆ ಮುಚ್ಚಿದರೆ ಹಿಂದಿನ ರಂಧ್ರಗಳು ಮುಚ್ಚಿ ಮೈಕ್‌ನ ದಿಕ್ಕಿನ ಗುಣವೇ ಹೋಗುತ್ತದೆ.

ಪಾಪ್ ಫಿಲ್ಟರ್ (ಬಾಯಿಯ ಗಾಳಿ ತಡೆಯುವ ಪರದೆ) ಬೇಕು. ನಮ್ಮ ಪ, ಬ ಅಲ್ಪಪ್ರಾಣ. ಇಂಗ್ಲಿಷಿನ ಹಾಗೆ ಅಷ್ಟು ಗಾಳಿ ಬರುವುದಿಲ್ಲ. ಆದರೆ ಸಿಟ್ಟಿನಿಂದ ಒತ್ತಿ ಹೇಳಿದಾಗ, ಭ, ಫ, ಧ ಬಂದಾಗ ಬಾಯಿಂದ ಗಾಳಿ ನೇರ ಮೈಕ್‌ಗೆ ಬಡಿಯುತ್ತದೆ. ಮೈಕ್ ಅನ್ನು ಬಾಯಿಯ ನೇರಕ್ಕೆ ಇಡದೆ ಸ್ವಲ್ಪ ಪಕ್ಕಕ್ಕೆ ಇಟ್ಟು, ಬಾಯಿಯ ಕಡೆಗೆ ತಿರುಗಿಸಿ. ಗಾಳಿ ಪಕ್ಕದಿಂದ ಹೋಗುತ್ತದೆ, ದನಿ ಒಳಗೆ ಬರುತ್ತದೆ. ಇನ್ನೊಂದು ಮಾತು, ನಮ್ಮೂರಿನ ಧೂಳು. ಕೆಲಸ ಮುಗಿದ ಕೂಡಲೆ ಮೈಕ್‌ಗೆ ಒಂದು ಪ್ಲಾಸ್ಟಿಕ್ ಚೀಲ ಹಾಕಿ ಮುಚ್ಚಿ.

ಲೆವೆಲ್ ವಿಷಯ ಸುಲಭ. ಸಾಫ್ಟ್‌ವೇರ್‌ನ ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ 24 ಬಿಟ್, 48 ಕಿಲೋಹರ್ಟ್ಸ್ ಇಡಿ. ವರ್ಸ್‌ನ ಅತಿ ಜೋರಿನ ಸಾಲು ಮೈನಸ್ 12ರಿಂದ ಮೈನಸ್ 6 ಡಿಬಿ ನಡುವೆ ಬರಲಿ (ಸೊನ್ನೆ ದಾಟಿದರೆ ದನಿ ಕತ್ತರಿಸಿಹೋಗುತ್ತದೆ). ಕೆಂಪು ದೀಪದ ಹತ್ತಿರ ಹೋಗುವ ಅಗತ್ಯವೇ ಇಲ್ಲ. 24 ಬಿಟ್‌ನಲ್ಲಿ ಲೆಕ್ಕಕ್ಕೆ 144 ಡಿಬಿಯಷ್ಟು ಜಾಗ ಇದೆ. ಮೆಲ್ಲಗೆ ರೆಕಾರ್ಡ್ ಆದದ್ದನ್ನು ಆಮೇಲೆ ಏರಿಸಬಹುದು. ಮೇಲೆ ಕತ್ತರಿಸಿಹೋದದ್ದು ಪೂರ್ತಿ ಮರಳುವುದಿಲ್ಲ. ಲೆವೆಲ್ ನೋಡುವಾಗ ಎಲ್ಲರೂ "ಹಲೋ, ಹಲೋ" ಅಂತ ಮೆತ್ತಗೆ ಹೇಳುತ್ತಾರೆ. ಬೀಟ್ ಬಿದ್ದ ಮೇಲೆ ದನಿ ದುಪ್ಪಟ್ಟಾಗುತ್ತದೆ. ಹಾಡಿನ ಅತಿ ಸಿಟ್ಟಿನ ಸಾಲನ್ನೇ ಹೇಳಿಸಿ ಲೆವೆಲ್ ಇಡಿ.

ಹೆಡ್‌ಫೋನ್ ಮುಚ್ಚಿದ ಬಗೆಯದೇ ಬೇಕು. ತೆರೆದದ್ದಾದರೆ ಬೀಟ್ ಸೋರಿ ಮೈಕ್‌ಗೆ ಹೋಗುತ್ತದೆ. ಬ್ಲೂಟೂತ್ ಬೇಡವೇ ಬೇಡ. ಅದರಲ್ಲಿ ದನಿ ಸಾಮಾನ್ಯವಾಗಿ 100 ಮಿಲಿಸೆಕೆಂಡಿಗಿಂತಲೂ ತಡವಾಗಿ ಬರುತ್ತದೆ. 90 ಬಿಪಿಎಂ (ನಿಮಿಷಕ್ಕೆ 90 ಹೊಡೆತ) ಬೀಟ್‌ನಲ್ಲಿ ಒಂದು ಹೊಡೆತದ ಕಾಲು ಭಾಗ 167 ಮಿಲಿಸೆಕೆಂಡ್. ಅಂದರೆ ನೀವು ಅರ್ಧ ಅಕ್ಷರಕ್ಕಿಂತ ಹಿಂದೆ ಬಿದ್ದು ಹಾಡುತ್ತೀರಿ. ಇದೇ ಕಾರಣಕ್ಕೆ ರೆಕಾರ್ಡ್ ಮಾಡುವಾಗ ಸಾಫ್ಟ್‌ವೇರ್‌ನಲ್ಲಿ ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ತೆಗೆದುಕೊಳ್ಳುವ ದನಿಯ ತುಣುಕು) ಚಿಕ್ಕದಿರಬೇಕು. 128 ಸ್ಯಾಂಪಲ್ ಅಂದರೆ 48 ಕಿಲೋಹರ್ಟ್ಸ್‌ನಲ್ಲಿ 3 ಮಿಲಿಸೆಕೆಂಡಿಗಿಂತ ಕಡಿಮೆ. 1024 ಅಂದರೆ 21. ಮಿಕ್ಸ್ ಮಾಡುವಾಗ ದೊಡ್ಡದು ಮಾಡಿಕೊಳ್ಳಿ, ಲ್ಯಾಪ್‌ಟಾಪ್‌ಗೆ ಆರಾಮ. ಸಾಫ್ಟ್‌ವೇರ್ ರೀಪರ್, ಎಫ್‌ಎಲ್ ಸ್ಟುಡಿಯೋ, ಕೇಕ್‌ವಾಕ್, ಯಾವುದಾದರೂ ನಡೆಯುತ್ತದೆ. ಇದರ ಬಗ್ಗೆ ವಾದ ಮಾಡುವುದು ಸುಮ್ನೆ ಹೊತ್ತು ಹಾಳು.

ಹಳೆ ಮನೆಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ. ರೆಕಾರ್ಡಿಂಗ್‌ನಲ್ಲಿ 'ಹೂಂ' ಅಂತ ಒಂದು ಎಳೆ ಸ್ವರ ಕೇಳಿದರೆ ಅದು ಕರೆಂಟಿನ 50 ಹರ್ಟ್ಸ್ ಮತ್ತು ಅದರ ಗುಣಕಗಳು, 100, 150. ಇವು ದನಿಯ ಜಾಗದಲ್ಲೇ ಇರುವುದರಿಂದ ಆಮೇಲೆ ತೆಗೆದರೆ ದನಿಯೂ ಹೋಗುತ್ತದೆ. ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ.

ಒತ್ತಕ್ಷರದೊಳಗಿನ ಮೌನ

ಇನ್ನು ಮಿಕ್ಸ್, ಅಂದರೆ ದನಿ ಮತ್ತು ಬೀಟ್ ಹೊಂದಿಸಿ ಬೆರೆಸುವುದು. ಈ ಭಾಗವನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಕನ್ನಡದ ರ‍್ಯಾಪ್ ಬೇರೆ ಭಾಷೆಯ ನಂಬರಿಗೆ ಕೆಡುವುದು ಇಲ್ಲಿಯೇ.

'ಕತೆ' ಅಂತ ಒಂದು ಸಲ, 'ಕತ್ತೆ' ಅಂತ ಒಂದು ಸಲ ಹೇಳಿ ರೆಕಾರ್ಡ್ ಮಾಡಿ. ಅಲೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಎರಡರಲ್ಲೂ 'ತ' ಸಿಡಿಯುವ ಮುಂಚೆ ಒಂದು ಚಿಕ್ಕ ಚಪ್ಪಟೆ ಗೆರೆ ಇದೆ. ನಾಲಿಗೆ ಹಲ್ಲಿಗೆ ತಾಗಿ ಗಾಳಿ ನಿಂತ ಹೊತ್ತು ಅದು. 'ಕತ್ತೆ'ಯಲ್ಲಿ ಆ ಗೆರೆ ಬಹಳ ಉದ್ದ. ಎರಡು ಪದಗಳ ವ್ಯತ್ಯಾಸ ಹೆಚ್ಚಾಗಿ ಆ ಮೌನದಲ್ಲೇ ಇದೆ. ರೊಟ್ಟಿ, ಗಟ್ಟಿ, ಕತ್ತಲ, ಹಚ್ಚು, ನಮ್ಮ ಮಾತಿನ ತುಂಬ ಇಂಥವೇ. ನಮ್ಮ ಕಡೆಯ ಮಾತಿನ ಖಡಕ್ ಗುಣ ಬರುವುದೂ ಇದರಿಂದಲೇ.

ಈಗ ಈ ಮೌನಕ್ಕೆ ಮಿಕ್ಸಿಂಗ್‌ನಲ್ಲಿ ಏನಾಗುತ್ತದೆ ನೋಡಿ. ಕೋಣೆ ಗುಂಯ್‌ಗುಡುತ್ತಿದ್ದರೆ ಮರಳಿ ಬಂದ ದನಿ ಆ ಸಂದಿನಲ್ಲಿ ತುಂಬಿಕೊಳ್ಳುತ್ತದೆ. ರಿವರ್ಬ್ (ಆಮೇಲೆ ಸೇರಿಸುವ ಕೃತಕ ಮಾರ್ದನಿ) ಉದ್ದ ಆದರೂ ಹಾಗೇ. ಕಂಪ್ರೆಸರ್ ಹಾಕಿದಾಗ ಇನ್ನೂ ಜಾಸ್ತಿ. ಕಂಪ್ರೆಸರ್ ಮಾಡುವುದು ಇಷ್ಟೇ: ದನಿ ಒಂದು ಗೆರೆ ದಾಟಿದ ಕೂಡಲೆ ತಗ್ಗಿಸುತ್ತದೆ, ಕೆಳಗೆ ಬಂದಾಗ ಬಿಟ್ಟುಬಿಡುತ್ತದೆ. ಎಷ್ಟು ಬೇಗ ತಗ್ಗಿಸಬೇಕು ಎನ್ನುವುದು ಅಟ್ಯಾಕ್, ಎಷ್ಟು ಬೇಗ ಬಿಡಬೇಕು ಎನ್ನುವುದು ರಿಲೀಸ್. ರಿಲೀಸ್ ಅತಿ ವೇಗ ಆದರೆ ಒತ್ತಕ್ಷರದ ಮೌನದಲ್ಲೇ ಕಂಪ್ರೆಸರ್ ಕೈಬಿಟ್ಟು, ಅಲ್ಲಿರುವ ಕೋಣೆಯ ಸದ್ದು ಮೇಲೆದ್ದು ಬರುತ್ತದೆ. ಅತಿ ನಿಧಾನ ಆದರೆ ಮುಂದಿನ ಅಕ್ಷರ ಬರುವವರೆಗೂ ಹಿಡಿದೇ ಇರುತ್ತದೆ, ಆ ಅಕ್ಷರ ಸೊರಗುತ್ತದೆ. 90 ಬಿಪಿಎಂನಲ್ಲಿ ಹೊಡೆತಕ್ಕೆ ನಾಲ್ಕು ಅಕ್ಷರ ಹೇಳುತ್ತಿದ್ದರೆ ಒಂದೊಂದಕ್ಕೂ ಸಿಗುವುದು 167 ಮಿಲಿಸೆಕೆಂಡ್. ರಿಲೀಸ್ ಅದಕ್ಕಿಂತ ಕಡಿಮೆ ಇರಬೇಕು. 60ರಿಂದ 120ರ ನಡುವೆ ಹುಡುಕಿ. ಬೀಟ್‌ನ ವೇಗ ಬದಲಾದರೆ ಈ ಲೆಕ್ಕವನ್ನು ಮತ್ತೆ ಮಾಡಿ. 60,000ವನ್ನು ಬಿಪಿಎಂನಿಂದ ಭಾಗಿಸಿ, ಬಂದದ್ದನ್ನು ಮತ್ತೆ ನಾಲ್ಕರಿಂದ ಭಾಗಿಸಿದರೆ ಸಾಕು.

ಅಟ್ಯಾಕ್ ಕೂಡ ಅಷ್ಟೇ ಮುಖ್ಯ. 1 ಮಿಲಿಸೆಕೆಂಡಿಗಿಂತ ವೇಗ ಇಟ್ಟರೆ ತ, ಟ, ಕ ಸಿಡಿಯುವ ಮೊದಲ ಕ್ಷಣವನ್ನೇ ಅದು ಒತ್ತಿಬಿಡುತ್ತದೆ. ಅಕ್ಷರದ ಮೊನೆ ಹೋಗುತ್ತದೆ. 5ರಿಂದ 15 ಇಟ್ಟರೆ ಸಿಡಿತ ಪಾರಾಗಿ, ಹಿಂದೆ ಬರುವ ಸ್ವರ ಮಾತ್ರ ತಗ್ಗುತ್ತದೆ. ರೇಶಿಯೋ, ಅಂದರೆ ಗೆರೆ ದಾಟಿದ್ದನ್ನು ಎಷ್ಟು ಪಟ್ಟು ತಗ್ಗಿಸಬೇಕು ಎನ್ನುವುದು, 3 ಅಥವಾ 4ಕ್ಕೆ 1. ಮೀಟರ್‌ನಲ್ಲಿ 3ರಿಂದ 6 ಡಿಬಿ ಇಳಿತ ಕಂಡರೆ ಸಾಕು. ಇನ್ನೂ ಬೇಕು ಅನ್ನಿಸಿದರೆ ಒಂದರಲ್ಲೇ ಜೋರು ಮಾಡದೆ ಎರಡನೆಯದನ್ನು ಹಾಕಿ. 1960ರ ದಶಕದಲ್ಲಿ ಬಂದ 1176 ಮತ್ತು ಎಲ್‌ಎ-2ಎ ಎಂಬ ಎರಡು ಯಂತ್ರಗಳ ಮಾದರಿ ಇವತ್ತಿಗೂ ಸಾಫ್ಟ್‌ವೇರ್‌ನಲ್ಲಿ ಸಿಗುತ್ತದೆ. ಮೊದಲನೆಯದು ಚುರುಕು, ಎರಡನೆಯದು ಮೃದು. ಚುರುಕಿನದ್ದು ಮುಂದೆ, ಮೃದುವಿನದ್ದು ಹಿಂದೆ, ಎರಡೂ ಸ್ವಲ್ಪ ಸ್ವಲ್ಪ. ರ‍್ಯಾಪ್ ದನಿಗೆ ಇದು ಚೆನ್ನಾಗಿ ಕೂರುತ್ತದೆ. ಒಂದು ಎಚ್ಚರ: 1176ರ ಅಟ್ಯಾಕ್ ಅತಿ ನಿಧಾನಕ್ಕೆ ಇಟ್ಟರೂ 1 ಮಿಲಿಸೆಕೆಂಡಿನ ಒಳಗೇ ಇರುತ್ತದೆ. ಹಾಗಾಗಿ ಅದರಲ್ಲಿ ಇಳಿತ 2-3 ಡಿಬಿ ದಾಟಬಾರದು.

ನಾಯ್ಸ್ ಗೇಟ್ ಬೇಡ ಅನ್ನುತ್ತೇನೆ. ಅದು ಮೌನ ಕಂಡ ಕೂಡಲೆ ಬಾಗಿಲು ಹಾಕುತ್ತದೆ. ಒತ್ತಕ್ಷರದ ನಡುವೆಯೂ ಹಾಕುತ್ತದೆ. ಮತ್ತೆ ತೆರೆಯುವಷ್ಟರಲ್ಲಿ ಸಿಡಿತದ ಅರ್ಧ ಹೋಗಿರುತ್ತದೆ. ಸಾಲು ಸಾಲಿನ ನಡುವಿನ ಸದ್ದನ್ನು ಕೈಯಿಂದಲೇ ಕತ್ತರಿಸಿ. ಉಸಿರಿನ ಸದ್ದು ಪೂರ್ತಿ ತೆಗೆಯಬೇಡಿ, 6ರಿಂದ 10 ಡಿಬಿ ಇಳಿಸಿ. ಉಸಿರು ಇಲ್ಲದ ರ‍್ಯಾಪ್ ಜೀವ ಇಲ್ಲದ್ದು.

ಕಂಪ್ರೆಸರ್‌ಗೂ ಮುಂಚೆ ಮಾಡಬೇಕಾದ ಒಂದು ಕೆಲಸ ಇದೆ. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಿಂದ ಮುಗಿಯುತ್ತದೆ. ಬಂದಾನ, ನಿಂತಾನ, ಹೊಂಟಾನ. ಪ್ರಾಸ ಕೂರುವುದು ಅಲ್ಲಿ. ಹಾಡುವವರ ಉಸಿರು ಮುಗಿಯುವುದೂ ಅಲ್ಲೇ. ಹಾಗಾಗಿ ಸಾಲಿನ ಅತಿ ಮುಖ್ಯ ಜಾಗ ಅತಿ ಮೆತ್ತಗೆ ರೆಕಾರ್ಡ್ ಆಗಿರುತ್ತದೆ. ಒಂದೊಂದೇ ಸಾಲು ನೋಡುತ್ತಾ ಕೊನೆಯ ಎರಡು ಮೂರು ಅಕ್ಷರವನ್ನು ಕ್ಲಿಪ್ ಗೇನ್‌ನಿಂದ (ಆ ತುಣುಕಿನದ್ದೇ ಲೆವೆಲ್‌ನಿಂದ) 2ರಿಂದ 4 ಡಿಬಿ ಏರಿಸಿ. ಬೇಸರದ ಕೆಲಸ ಹೌದು. ಆದರೆ ನಾನು ಬಲ್ಲ ಯಾವ ಪ್ಲಗ್‌ಇನ್ (ಸಾಫ್ಟ್‌ವೇರ್‌ಗೆ ಸೇರಿಸುವ ಸಾಧನ) ಕೂಡ ಇಷ್ಟು ಫಲ ಕೊಡುವುದಿಲ್ಲ.

ಬೀಟ್‌ಗೆ ಜಾಗ, ಮಾತಿಗೆ ಜಾಗ

ನೆಟ್‌ನಿಂದ ಇಳಿಸಿದ ಬೀಟ್ ಸಾಮಾನ್ಯವಾಗಿ ಮಾಸ್ಟರ್ ಆಗಿಯೇ (ಜೋರು ಮಾಡಿ ಮುಗಿಸಿದ ರೂಪದಲ್ಲಿ) ಬರುತ್ತದೆ, ಸೊನ್ನೆ ಡಿಬಿಗೆ ತಾಗಿಕೊಂಡು. ಅದರ ಮೇಲೆ ದನಿ ಕೇಳಲಿ ಅಂತ ದನಿಯನ್ನು ಏರಿಸುತ್ತಾ ಹೋದರೆ ಎಲ್ಲಾ ಒಡೆಯುತ್ತದೆ. ಮೊದಲು ಬೀಟ್ ಅನ್ನೇ 6ರಿಂದ 8 ಡಿಬಿ ಇಳಿಸಿ, ಆಮೇಲೆ ದನಿ ತನ್ನಿ. ಬೀಟ್ ಮಾಡಿದವರು ಗೊತ್ತಿದ್ದರೆ ಡ್ರಮ್, ಬೇಸ್, ಸ್ವರ ಬೇರೆ ಬೇರೆ ವೇವ್ ಫೈಲ್‌ಗಳಲ್ಲಿ ಕೇಳಿ ಪಡೆಯಿರಿ.

ಈಕ್ಯೂನಲ್ಲಿ ಮೊದಲು ತೆಗೆಯುವ ಕೆಲಸ. 80ರಿಂದ 100 ಹರ್ಟ್ಸ್ ಕೆಳಗಿನದ್ದನ್ನು ಕತ್ತರಿಸಿ, ಅಲ್ಲಿ ಇರುವುದು ಹೆಚ್ಚಾಗಿ ಗದ್ದಲ. 200ರಿಂದ 400ರ ನಡುವೆ ಮಬ್ಬು ಕೂತಿರುತ್ತದೆ, 2-3 ಡಿಬಿ ಇಳಿಸಿ ನೋಡಿ. ಹೆಚ್ಚು ಇಳಿಸಿದರೆ ದನಿ ತೆಳ್ಳಗಾಗುತ್ತದೆ. 3ರಿಂದ 5 ಕಿಲೋಹರ್ಟ್ಸ್ ಸ್ವಲ್ಪ ಏರಿಸಿದರೆ ಮಾತು ಮುಂದೆ ಬರುತ್ತದೆ. 1.5ರಿಂದ 3ರ ನಡುವೆ ಕೈ ಹಾಕುವಾಗ ಜೋಪಾನ. 'ಹಾಲು', 'ಹಾಳು' ಬೇರೆ ಬೇರೆ ಎಂದು ಕಿವಿಗೆ ಹೇಳುವ ಗುರುತು ಹೆಚ್ಚಾಗಿ ಅಲ್ಲೇ ಇರುತ್ತದೆ. ಕರ್ಕಶ ಅನ್ನಿಸಿತು ಅಂತ ಅಲ್ಲಿ ಆಳವಾಗಿ ಕತ್ತರಿಸಿದರೆ ಳ, ಣ, ಡ ಎಲ್ಲಾ ಸವೆದುಹೋಗುತ್ತವೆ.

ಡಿ-ಎಸ್ಸರ್ (ಚುಚ್ಚುವ ಸಕಾರ ತಗ್ಗಿಸುವ ಸಾಧನ) 'ಸ'ಗೆ 6ರಿಂದ 9 ಕಿಲೋಹರ್ಟ್ಸ್. 'ಶ' ಅದಕ್ಕಿಂತ ಕೆಳಗೆ, 3ರಿಂದ 5ರ ಸುತ್ತ. ಒಂದೇ ಡಿ-ಎಸ್ಸರ್‌ನಲ್ಲಿ ಎರಡನ್ನೂ ಹಿಡಿಯಲು ಹೋದರೆ ಚ, ಜ ಕೂಡ ಮೊಂಡಾಗುತ್ತವೆ. 'ಸ'ಗೆ ಮಾತ್ರ ಅದನ್ನು ಇಟ್ಟು, ಚುಚ್ಚುವ 'ಶ' ಇದ್ದರೆ ಕೈಯಿಂದ ಇಳಿಸಿ.

ಬೀಟ್‌ನಲ್ಲಿ ಹಲಗಿ ಇದ್ದರೆ ವಿಶೇಷ ಗಮನ ಬೇಕು. ನಮ್ಮ ಹುಡುಗರು ಹಲಗಿ ಹಾಕುವುದು ನನಗೆ ಬಹಳ ಇಷ್ಟ. ಆದರೆ ಹಲಗಿಯ ಕಡ್ಡಿಯ ಹೊಡೆತ ಬೀಳುವುದು ಮಾತಿನ ವ್ಯಂಜನಗಳು ಇರುವ ಜಾಗದಲ್ಲೇ. ಹಲಗಿಯನ್ನು ಪೂರ್ತಿ ಇಳಿಸಬೇಡಿ. ದನಿ ಬಂದಾಗ ಮಾತ್ರ ಬೀಟ್‌ನ 2ರಿಂದ 4 ಕಿಲೋಹರ್ಟ್ಸ್ ಭಾಗ ಎರಡು ಡಿಬಿ ಇಳಿಯುವ ಹಾಗೆ ಡೈನಮಿಕ್ ಈಕ್ಯೂಗೆ ದನಿಯಿಂದ ಸೈಡ್‌ಚೈನ್ ಕೊಡಿ, ಅಂದರೆ ದನಿಯ ಏರಿಳಿತ ನೋಡಿ ಆ ಈಕ್ಯೂ ಕೆಲಸ ಮಾಡುವ ಹಾಗೆ ಜೋಡಿಸಿ. ಹಲಗಿ ಎಡ, ಬಲಕ್ಕೆ ಸರಿಸಲು ಆದರೆ ಇನ್ನೂ ಒಳ್ಳೆಯದು. ನಡು ಜಾಗ ಮಾತಿಗೆ ಸಿಗುತ್ತದೆ.

ಇನ್ನು ಡಬಲ್, ಅಂದರೆ ಅದೇ ಸಾಲನ್ನು ಮತ್ತೆ ಹೇಳಿ ಮೇಲೆ ಸೇರಿಸುವುದು. ಗೀಗೀ ಮೇಳದಲ್ಲಿ ಮುಂದಿನವರು ಸಾಲು ಹೇಳಿದಾಗ ಹಿಂದಿನವರು ದನಿಗೂಡಿಸುತ್ತಾರೆ. ರ‍್ಯಾಪ್‌ನ ಡಬಲ್, ಆ್ಯಡ್‌ಲಿಬ್ (ನಡುನಡುವೆ ಹಾಕುವ ಚಿಕ್ಕ ಕೂಗು, ಮಾತು) ಕೆಲಸವೂ ಅದೇ, ಒತ್ತು ಕೊಡುವುದು. ಇಡೀ ವರ್ಸ್ ಡಬಲ್ ಮಾಡಿದರೆ ಒತ್ತು ಎಲ್ಲೂ ಉಳಿಯುವುದಿಲ್ಲ. ಪ್ರಾಸ ಬರುವ ಪದಕ್ಕೆ ಮಾತ್ರ ಹಾಕಿ. ಸಾಲಿನ ಕೊನೆಗೆ ಪ್ರಾಸ ಇದ್ದರೆ ಕೊನೆಗೆ. ಹಳಗನ್ನಡದ ಕವಿಗಳ ಹಾಗೆ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇಟ್ಟು ಬರೆಯುವವರಾದರೆ, ಡಬಲ್ ಸಾಲಿನ ಮೊದಲಿಗೆ ಬರಬೇಕು. ಡಬಲ್ ಅನ್ನು ಕಾಪಿ ಪೇಸ್ಟ್ ಮಾಡಬೇಡಿ. ಅದೇ ಫೈಲ್ ಎರಡು ಸಲ ಸೇರಿದರೆ ದನಿ 6 ಡಿಬಿ ಏರುತ್ತದೆ, ಅಷ್ಟೇ. ಮತ್ತೆ ಹೇಳಿ ರೆಕಾರ್ಡ್ ಮಾಡಿ. ಮುಖ್ಯ ದನಿಗಿಂತ 6ರಿಂದ 10 ಡಿಬಿ ಕೆಳಗೆ ಇಡಿ. ಡಬಲ್‌ನಲ್ಲಿರುವ ಸ, ಶ, ಟ ಸದ್ದುಗಳನ್ನು ಇನ್ನೂ ಇಳಿಸಿ. ಎರಡು 'ಸ' ಕೂದಲೆಳೆ ಅಂತರದಲ್ಲಿ ಬಿದ್ದರೆ ಮಾತು ಅಸ್ತವ್ಯಸ್ತ ಕೇಳುತ್ತದೆ.

ರಿವರ್ಬ್ ಚಿಕ್ಕದಿರಲಿ. ಒಂದು ಸೆಕೆಂಡಿಗಿಂತ ಕಡಿಮೆ, 20ರಿಂದ 40 ಮಿಲಿಸೆಕೆಂಡ್ ಪ್ರಿ-ಡಿಲೇ. ಆಗ ಅಕ್ಷರ ಮೊದಲು ಬಂದು ರಿವರ್ಬ್ ಹಿಂದೆ ಬರುತ್ತದೆ. ರಿವರ್ಬ್‌ಗೆ ಹೋಗುವ ದನಿಯಲ್ಲಿ 300 ಹರ್ಟ್ಸ್ ಕೆಳಗಿನದ್ದು ಕತ್ತರಿಸಿ. ಡಿಲೇ (ಪದ ಮತ್ತೆ ಮರಳಿ ಕೇಳುವಂತೆ ಮಾಡುವುದು) ಇಡೀ ವರ್ಸ್‌ಗೆ ಬೇಡ. ಸಾಲು ಮುಗಿದು ಖಾಲಿ ಜಾಗ ಇರುವಲ್ಲಿ ಕೊನೆಯ ಪದಕ್ಕೆ ಮಾತ್ರ ಎಸೆಯಿರಿ. ಹುಕ್ (ಮರಳಿ ಮರಳಿ ಬರುವ ಪಲ್ಲವಿ) ರಾಗದಲ್ಲಿದ್ದರೆ ಅಲ್ಲಿ ರಿವರ್ಬ್ ಜಾಸ್ತಿ ನಡೆಯುತ್ತದೆ. ಆಟೋಟ್ಯೂನ್ (ಸ್ವರವನ್ನು ಶ್ರುತಿಗೆ ಕೂರಿಸುವ ಸಾಧನ) ಬೇಕಿದ್ದರೆ ಅದೂ ಅಲ್ಲೇ, ಬೀಟ್‌ನ ಶ್ರುತಿ ಸರಿಯಾಗಿ ಹೊಂದಿಸಿ.

ಕೇಳಿಸಿ ನೋಡುವುದು

ಮಿಕ್ಸ್ ಆಯಿತು ಅಂದುಕೊಂಡ ಮೇಲೆ ಹೆಡ್‌ಫೋನ್ ತೆಗೆದು ಫೋನಿನ ಸ್ಪೀಕರ್‌ನಲ್ಲಿ ಕೇಳಿ. ಅದರಲ್ಲಿ ಕೆಳಗಿನ 200-300 ಹರ್ಟ್ಸ್ ಭಾಗ ಹೆಚ್ಚುಕಡಿಮೆ ಬರುವುದೇ ಇಲ್ಲ. ಬೇಸ್ ಹೋದ ಮೇಲೂ ಮಾತು ನಿಂತಿದೆಯಾ? ಆಮೇಲೆ ಟ್ರ್ಯಾಕ್ಟರ್‌ನ ದೊಡ್ಡ ಸ್ಪೀಕರ್‌ನಲ್ಲೋ ಆಟೋದಲ್ಲೋ ಹಾಕಿಸಿ. ಅಲ್ಲಿ ಬೇಸ್ ಅತಿಯಾಗಿ ಬರುತ್ತದೆ. ಎರಡೂ ಕಡೆ ಪದ ಬಿಡಿಸಿ ಕೇಳಿದರೆ ಸರಿ.

ಇನ್ನೊಂದು ಪರೀಕ್ಷೆ ನಾನು ಎಲ್ಲರಿಗೂ ಹೇಳುತ್ತೇನೆ. ಹಾಡನ್ನು ಒಮ್ಮೆಯೂ ಕೇಳಿರದ ಒಬ್ಬರಿಗೆ ಫೋನಿನಲ್ಲಿ ಹಾಕಿ ಕೊಡಿ, ಕೇಳಿದ್ದನ್ನು ಬರೆಯಲು ಹೇಳಿ. ನೀವು ಬರೆದವರು, ನಿಮ್ಮ ಕಿವಿ ಇಲ್ಲದ ಅಕ್ಷರವನ್ನೂ ಕೇಳಿಸಿಕೊಳ್ಳುತ್ತದೆ. ಅವರ ಕಿವಿ ಹಾಗಲ್ಲ. ಅವರು ಎಲ್ಲಿ ಬಿಟ್ಟರೋ, ಎಲ್ಲಿ ತಪ್ಪು ಬರೆದರೋ ಅಲ್ಲಿಗೆ ಮರಳಿ ಹೋಗಿ. ಹೆಚ್ಚಿನ ಸಲ ಆ ಒಂದು ಪದದ ಲೆವೆಲ್ ಏರಿಸಿದರೆ ಸಾಕಾಗುತ್ತದೆ. ಇಲ್ಲವಾದರೆ ಆ ಸಾಲನ್ನು ಮತ್ತೆ ಹೇಳಿ ರೆಕಾರ್ಡ್ ಮಾಡಿ. ಅದಕ್ಕೇ ಕೌದಿ, ಮೈಕ್ ಸ್ಟ್ಯಾಂಡ್, ನೆಲದ ಟೇಪ್, ಗೇನ್ ನಂಬರು ಯಾವುದನ್ನೂ ಅಲ್ಲಿಯವರೆಗೆ ಅಲುಗಿಸಬೇಡಿ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಕೊನೆಗೆ ಲೌಡ್‌ನೆಸ್. ಯೂಟ್ಯೂಬ್, ಸ್ಪಾಟಿಫೈ ಎರಡೂ ಹಾಡುಗಳನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಸರಾಸರಿ ಅಳತೆ) ಮಟ್ಟಕ್ಕೆ ತರುತ್ತವೆ. ಲಿಮಿಟರ್‌ನಿಂದ (ಒಂದು ಮಿತಿ ದಾಟದಂತೆ ದನಿಯನ್ನು ಒತ್ತುವ ಸಾಧನ) ಹಿಂಡಿ ಜೋರು ಮಾಡಿದರೆ ಅವು ಮತ್ತೆ ಇಳಿಸುತ್ತವೆ, ಹಿಂಡಿದ್ದರಿಂದ ಸತ್ತ ಅಕ್ಷರ ಮಾತ್ರ ಹಾಗೇ ಉಳಿಯುತ್ತದೆ. ಯೂಟ್ಯೂಬ್ ಮೆತ್ತಗಿನ ಹಾಡನ್ನು ಮೇಲೇರಿಸುವುದಿಲ್ಲ. ಹಾಗಾಗಿ ಮೈನಸ್ 14ಕ್ಕಿಂತ ತೀರ ಕೆಳಗೂ ಬಿಡಬೇಡಿ. ಟ್ರೂ ಪೀಕ್, ಅಂದರೆ ಅಲೆಯ ಅತಿ ಎತ್ತರದ ತುದಿ, ಮೈನಸ್ 1 ಡಿಬಿ ದಾಟದಿರಲಿ.

ಫೈಲ್ ತೆಗೆಯುವಾಗ ಮೂರು ತೆಗೆಯಿರಿ. ಪೂರ್ತಿ ಹಾಡು ಒಂದು. ಮುಖ್ಯ ದನಿ ಇಲ್ಲದೆ ಬೀಟ್, ಡಬಲ್, ಹುಕ್ ಮಾತ್ರ ಇರುವುದು ಒಂದು, ಅದು ಸ್ಟೇಜಿಗೆ. ಬರೀ ದನಿ ಇರುವುದು ಇನ್ನೊಂದು. ಮುಂದೆ ಬೀಟ್ ಬದಲಿಸಬೇಕಾಗಿ ಬಂದರೆ ಕೈಗೆ ಸಿಗುವುದು ಅದೇ. ಮೂರನ್ನೂ 24 ಬಿಟ್ ವೇವ್‌ನಲ್ಲಿ ಇಟ್ಟು, ಲ್ಯಾಪ್‌ಟಾಪ್ ಅಲ್ಲದೆ ಇನ್ನೊಂದು ಡಿಸ್ಕ್‌ನಲ್ಲೂ ಒಂದು ಪ್ರತಿ ಹಾಕಿ.